ಹಳೆಯ ಮಳೆ ಲೆಕ್ಕವೂ ಯಂತ್ರಕಲಿಕೆಯೂ

ಮೃಗಶಿರ ಮಳೆಯು, ರೈತರ ಮಾತಿನ ಮಿರಗವು, ಒಂದೆರಡು ಸಲ ಚೆನ್ನಾಗಿ ಸುರಿದೊಡನೆ ತೊಗರಿಯನ್ನು ಬಿತ್ತಬೇಕೋ, ಆರಿದ್ರೆಯ ಹದವನ್ನು ಕಾಯಬೇಕೋ ಎಂಬ ಪ್ರಶ್ನೆಯು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಸೀಮೆಯ ಒಕ್ಕಲು ಮನೆಗಳಲ್ಲಿ ಪ್ರತಿ ಜೂನ್ ತಿಂಗಳಲ್ಲಿಯೂ ಏಳುವುದುಂಟು. ಬಿತ್ತಿದ ತರುವಾಯ ಎರಡು ವಾರ ಮಳೆ ಹೋದರೆ ಮೊಳಕೆಯು ಒಣಗಿ ಬೀಜ, ಗೊಬ್ಬರ, ಕೂಲಿಗಳೆಲ್ಲವೂ ಮಣ್ಣುಪಾಲಾಗುವವು. ಬಹಳ ಕಾದರೆ ಶಹಾಬಾದ, ವಾಡಿಗಳ ಹಾಸುಗಲ್ಲಿನ ಮೇಲಿನ ತೆಳುವಾದ ಎರೆಯಲ್ಲಿ ಕಾಯಿ ಕಟ್ಟುವ ವೇಳೆಗೆ ತೇವವು ಉಳಿಯದು. ಹಿರಿಯರು ಈ ತೀರ್ಮಾನವನ್ನು ನೆನಪಿನ ಬಲದಿಂದ ಮಾಡುತ್ತಿದ್ದರು. ನೆನಪಾದರೋ ಕೆಟ್ಟ ವರ್ಷಗಳನ್ನು ಹಿಡಿದಿಟ್ಟು ಸಾಧಾರಣ ವರ್ಷಗಳನ್ನು ಬಿಟ್ಟುಬಿಡುವ ಸ್ವಭಾವದ್ದು. ಮಳೆಯ ಪುಸ್ತಕಕ್ಕೆ ಆ ದೋಷವಿಲ್ಲ. ಅದಕ್ಕೆ ಬೇರೆ ದೋಷಗಳುಂಟು, ಅವುಗಳನ್ನು ಮುಂದೆ ಹೇಳಲಾಗುವುದು.

ಒಂದು ಮಳೆಮಾಪಕದ 60 ವರ್ಷಗಳ ದಿನವಹಿ ಲೆಕ್ಕವೆಂದರೆ ಸುಮಾರು 21,900 ಅಂಕಿಗಳು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕವಾದರೆ 15 ನಿಮಿಷಕ್ಕೊಮ್ಮೆ ಅಂಕಿಯನ್ನು ಕಳುಹಿಸುವುದರಿಂದ ಒಂದೇ ವರ್ಷಕ್ಕೆ 35,040 ಆಗುತ್ತವೆ. ಇಷ್ಟನ್ನು ಕೈಯಿಂದ ಕೂಡಿಸಿ ಕಳೆಯುವುದು ಯಾರಿಂದಲೂ ಆಗದು. ಇಲ್ಲಿಯೇ ಯಂತ್ರಕಲಿಕೆಯ ಉಪಯೋಗವು.

ಯಂತ್ರಕಲಿಕೆಯೆಂದರೆ ಗಣಕಯಂತ್ರಕ್ಕೆ ನಿಯಮವನ್ನು ಹೇಳಿಕೊಡದೆ, ನಡೆದುಹೋದ ವರ್ಷಗಳನ್ನು ಮುಂದಿಟ್ಟು ನಿಯಮವನ್ನು ಅದರಿಂದಲೇ ಹುಡುಕಿಸುವುದು. ಜೂನ್ ತಿಂಗಳ ಮಳೆಯೆಷ್ಟು, ಮಣ್ಣಿನ ಆಳವೆಷ್ಟು, ಬಿತ್ತಿದ್ದು ಎಂದು, ಬಂದ ಇಳುವರಿಯೆಷ್ಟು ಎಂಬುದನ್ನು ವರ್ಷವರ್ಷಕ್ಕೂ ಕೊಟ್ಟರೆ, ಯಂತ್ರವು ಮೊದಲು ಒಂದು ಊಹೆ ಮಾಡಿ, ತಪ್ಪಿದಷ್ಟನ್ನು ಅಳೆದು, ಊಹೆಯನ್ನು ತಿದ್ದುತ್ತ ಸಾವಿರಾರು ಸಲ ಹೀಗೆಯೇ ನಡೆಯುತ್ತದೆ. ಅದು ನಿಜವಾಗಿ ಕಲಿತಿದೆಯೋ, ಬಾಯಿಪಾಠ ಮಾಡಿದೆಯೋ ಎಂಬುದನ್ನು ತಿಳಿಯಲು ಕೆಲವು ವರ್ಷಗಳನ್ನು ಅದಕ್ಕೆ ತೋರಿಸದೆ ಬಚ್ಚಿಟ್ಟು, ಕೊನೆಯಲ್ಲಿ ಅವುಗಳ ಮೇಲೆ ಪರೀಕ್ಷಿಸತಕ್ಕದ್ದು. ಬಚ್ಚಿಡುವಾಗ ಬಿಡಿ ದಿನಗಳನ್ನಲ್ಲ, ಇಡೀ ವರ್ಷಗಳನ್ನೇ ಬಚ್ಚಿಡಬೇಕು. ಒಂದೇ ಮುಂಗಾರಿನ ಎರಡು ದಿನಗಳು ಅಣ್ಣತಮ್ಮಂದಿರಂತೆ. ಒಂದನ್ನು ಕಂಡವನಿಗೆ ಇನ್ನೊಂದನ್ನು ಗುರುತಿಸುವುದು ಕಷ್ಟವಲ್ಲ. ಅಂಕಿಗಳು ಎಷ್ಟು ಸಾವಿರವಿದ್ದರೂ 30 ವರ್ಷಗಳಲ್ಲಿರುವುದು ಮೂವತ್ತೇ ಮುಂಗಾರು ಎಂಬುದನ್ನು ಮರೆಯಲಾಗದು.

ಇನ್ನು ವೇಗದ ವಿಷಯ. ಪ್ರತಿ ಪ್ರಶ್ನೆಗೂ 60 ವರ್ಷಗಳ ಪುಸ್ತಕವನ್ನು ಮೊದಲಿಂದ ಓದುವುದು ವ್ಯರ್ಥ ಶ್ರಮ. ಹಿಂದಿನ ಕಾಲದ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ದಿನದ ರೊಟ್ಟಿಗೆಂದು ದಿನವೂ ಹಗೇವು ತೆಗೆದವರಿಲ್ಲ. ಒಂದು ಸಲ ತೆಗೆದು ತಿಂಗಳಿಗೆ ಸಾಕಾಗುವಷ್ಟನ್ನು ಮನೆಯೊಳಗಿನ ಗುಮ್ಮಿಗೆ ಹಾಕಿಕೊಳ್ಳುತ್ತಿದ್ದರು. ಗಣಕಯಂತ್ರದವರು ಕ್ಯಾಶ್ ಎಂದು ಕರೆಯುವುದು ಈ ಗುಮ್ಮಿಯನ್ನೇ. ಪ್ರತಿ ವರ್ಷದ ವಾರದ ಮೊತ್ತ, ಮೊದಲ ಹದಮಳೆಯ ದಿನ, ಅದರ ಹಿಂದೆ ಬಂದ ಒಣಗಾಲದ ಉದ್ದ ಇವುಗಳನ್ನು ಒಮ್ಮೆ ಲೆಕ್ಕ ಹಾಕಿ ಕೈಗೆಟುಕುವಲ್ಲಿ ಇಟ್ಟರೆ, ಮುಂದಿನ ಪ್ರಶ್ನೆಗೆ ಈ ವರ್ಷದ ಅಂಕಿಗಳನ್ನು ಸೇರಿಸಿದರೆ ಸಾಕು.

ಆದರೆ ಗುಮ್ಮಿಯಲ್ಲಿ ಹುಳ ಹಿಡಿದ ಕಾಳು ಉಳಿದರೆ ಮನೆಮಂದಿಯೆಲ್ಲ ಅದನ್ನೇ ಉಣ್ಣಬೇಕಾಗುವುದು. ಈ ಸೀಮೆಯಲ್ಲಿ ಅದಕ್ಕೆ ವಿಶೇಷ ಕಾರಣವುಂಟು. ಇವೆಲ್ಲವೂ 1948ರವರೆಗೆ ನಿಜಾಮರ ಆಳಿಕೆಗೆ ಸೇರಿದ್ದವು. ಅಲ್ಲಿಯ ಸರ್ಕಾರಿ ವರ್ಷವು ಫಸಲಿ, ಅದರ ಆರಂಭವು ಅಕ್ಟೋಬರಿನಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆಂಬುದು ವಾಡಿಕೆಯ ಲೆಕ್ಕ. ಆ ಪ್ರಕಾರ ಫಸಲಿ 1350ರ ಜುಲೈ ಮಳೆಯನ್ನು ಗುಮಾಸ್ತನು 1940ಕ್ಕೆ ಬರೆದಾನು. ವಾಸ್ತವದಲ್ಲಿ ಫಸಲಿ 1350 ಎಂದರೆ 1940ರ ಅಕ್ಟೋಬರಿನಿಂದ 1941ರ ಅಕ್ಟೋಬರಿನವರೆಗೆ. ಆದುದರಿಂದ ಆ ಮಳೆಯು 1941ರದು. ಒಂದು ವರ್ಷದ ಮಳೆಗೆ ಇನ್ನೊಂದು ವರ್ಷದ ಬೆಳೆಯನ್ನು ಗಂಟುಹಾಕಿದರೆ ಯಂತ್ರವು ಅದನ್ನೇ ನಿಷ್ಠೆಯಿಂದ ಕಲಿಯುವುದು. ಅಳತೆಯ ವಿಚಾರವೂ ಹೀಗೆಯೇ: ಇಂಚು ಸೆಂಟುಗಳ ಕಾಲದ 112 ಎಂಬ ಅಂಕಿಯು 1.12 ಇಂಚು, ಅಂದರೆ ಸುಮಾರು 28 ಮಿಲಿಮೀಟರು. ಅದನ್ನೇ ಮಿಲಿಮೀಟರೆಂದು ಓದಿದರೆ ಹದಮಳೆಯು ಪ್ರವಾಹವಾಗುತ್ತದೆ. ಬರೆಯದೆ ಬಿಟ್ಟ ಖಾಲಿ ಮನೆಯನ್ನು ಸೊನ್ನೆಯೆಂದು ತುಂಬುವುದು ಎಲ್ಲಕ್ಕಿಂತ ಕೆಟ್ಟದ್ದು; ಅಳೆಯದ ದಿನವು ಮಳೆಯಿಲ್ಲದ ದಿನವಲ್ಲ. ಇಂತಹ ತಪ್ಪನ್ನು ಮೂಲ ಪುಸ್ತಕದಲ್ಲಿ ತಿದ್ದಿದ ದಿನವೇ, ಅದರಿಂದ ತೆಗೆದಿಟ್ಟ ಮೊತ್ತಗಳನ್ನು ಗುಮ್ಮಿಯಿಂದ ಚೆಲ್ಲಿ ಹೊಸದಾಗಿ ಲೆಕ್ಕ ಹಾಕತಕ್ಕದ್ದು. ಪ್ರತಿ ಮೊತ್ತದ ಪಕ್ಕದಲ್ಲಿ ಅದು ಯಾವ ತಾರೀಕಿನ ಮೂಲದಿಂದ ಬಂದುದೆಂದು ಬರೆದಿದ್ದರೆ ಈ ಕೆಲಸವು ಸುಲಭ.

ಇದು ಬರಿಯ ಊಹೆಯ ಮಾತಲ್ಲ. 2016ರಲ್ಲಿ ಪಟಾನ್‌ಚೆರುವಿನ ಇಕ್ರಿಸಾಟ್ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ಕಂಪನಿ ಕೂಡಿ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 30 ವರ್ಷಗಳ ಹವಾಮಾನವನ್ನು ಹೀಗೆ ಪರಿಶೀಲಿಸಿ, ಶೇಂಗಾ ಬಿತ್ತನೆಯ ಸಮಯವನ್ನು 175 ರೈತರಿಗೆ ಮೊಬೈಲಿನ ಮೂಲಕ ತಿಳಿಸಿದವು. ಜೂನ್ ಕೊನೆಯವರೆಗೆ ಕಾಯಬೇಕೆಂಬುದು ಅಲ್ಲಿಯ ಸಲಹೆ. ಇಳುವರಿಯು ಸರಾಸರಿ ನೂರಕ್ಕೆ 30 ಹೆಚ್ಚಿತೆಂದು ಅವರು ಪ್ರಕಟಿಸಿದರು. ಮರುವರ್ಷ ಕರ್ನಾಟಕದ ರೈತರಿಗೂ ಸಲಹೆಗಳು ಬಂದವು. ಒಂದು ಮುಂಗಾರಿನ ಫಲವನ್ನು ಶಾಶ್ವತವೆಂದು ಎಣಿಸಲಾಗದಾದರೂ ಪ್ರಯತ್ನವು ಗಮನಾರ್ಹವಾದುದು.

ದೇವನಕೊಂಡದ ತಾರೀಕನ್ನು ಸೇಡಂಗೆ ತಂದು ಹಚ್ಚುವುದು ಮಾತ್ರ ಸಲ್ಲದು. ಸೇಡಂನಲ್ಲಿ ಕಲಿತ ಯಂತ್ರವು ಚಿಂಚೋಳಿಗೂ ಹೊಂದುವುದೆಂಬ ಭರವಸೆಯಿಲ್ಲ: ಸೇಡಂ, ಚಿತ್ತಾಪುರಗಳು ಈಶಾನ್ಯ ಒಣ ವಲಯಕ್ಕೆ ಸೇರಿದರೆ, ಚಿಂಚೋಳಿಯು ಬೀದರ, ಆಳಂದಗಳೊಡನೆ ಈಶಾನ್ಯ ಸಂಕ್ರಮಣ ವಲಯದಲ್ಲಿದೆ, ಅಲ್ಲಿ ಕೆಂಪು ಜಂಬಿಟ್ಟಿಗೆ ನೆಲವೂ ಉಂಟು.

ಮತ್ತೊಂದು ಕೊರತೆಯಿದೆ. 2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ನೆಟೆ ರೋಗವು ಹಾಳುಮಾಡಿತು. ನೆಟೆಯ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ, ಅದೇ ಹೊಲದಲ್ಲಿ ಹಿಂದೆ ಏನು ಬೆಳೆದಿತ್ತು ಎಂಬುದು ಮಳೆಯಷ್ಟೇ ಮುಖ್ಯವಾಗುತ್ತದೆ. ಮಳೆಯ ಪುಸ್ತಕದಲ್ಲಿ ಅದು ಎಲ್ಲಿಯೂ ಇಲ್ಲ. ಆದುದರಿಂದ ಭೂಮಾಲಿಕರು ಸರ್ವೆ ನಂಬರಿಗೊಂದು ಪುಟವನ್ನು ಮೀಸಲಿಟ್ಟು, ಬಿತ್ತಿದ ತಾರೀಕು, ತಳಿಯ ಹೆಸರು, ಹಿಂದಿನ ಬೆಳೆ, ಎಕರೆಗೆ ಬಂದ ಕ್ವಿಂಟಾಲು ಇವುಗಳನ್ನು ಬರೆದಿಡತಕ್ಕದ್ದು. ನೆಟೆ ಕಂಡರೆ, ಮೊದಲ ಗಿಡವು ಬಾಡಿದ ದಿನವನ್ನೂ.