ಟೈಮಿಂಗ್ ಕವರ್ ಮುಚ್ಚುವ ಮುನ್ನ: ಏಳು ನಂಬಿಕೆ, ಏಳು ಸತ್ಯ

ಲಾರಿ ಎಂಜಿನ್ನಿನ ಮೂತಿಯಲ್ಲಿ, ಫ್ಯಾನಿನ ಹಿಂದೆ, ಕ್ರ್ಯಾಂಕ್ ಪುಲ್ಲಿಯ ಬೆನ್ನಿಗೆ ಕೂತಿರುವ ಮುಚ್ಚಳವೇ ಟೈಮಿಂಗ್ ಕವರ್. ಅದರೊಳಗೆ ಕ್ರ್ಯಾಂಕಿನ ಗಿಯರು ಕ್ಯಾಮ್ ಗಿಯರನ್ನು ತಿರುಗಿಸುತ್ತದೆ, ಕ್ಯಾಮ್ ಗಿಯರು ಡೀಸೆಲ್ ಪಂಪಿನ ಗಿಯರನ್ನು ತಿರುಗಿಸುತ್ತದೆ. ಇಲ್ಲಿ ಹೇಳುವುದು ಹೆಚ್ಚಾಗಿ ಕಮಿನ್ಸ್ ಬಿ ಸರಣಿಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಮಾತು. ಅಮೆರಿಕದಲ್ಲಿ ಅದು 1989ರಿಂದ ಡಾಜ್ ರಾಮ್ ಪಿಕಪ್‌ಗಳಲ್ಲಿ ಬಂತು. ನಮ್ಮಲ್ಲಿ ಟಾಟಾ ಮತ್ತು ಕಮಿನ್ಸ್ 1993ರಲ್ಲಿ ಜಮ್‌ಶೆಡ್‌ಪುರದಲ್ಲಿ ಕೂಡಿ ಕಟ್ಟಿದ ಕಂಪನಿಯಿಂದ ಅದೇ ಮನೆತನದ ಎಂಜಿನ್ನು ಟಾಟಾ ಲಾರಿಗಳಿಗೆ ಬಂತು. ಅಮೆರಿಕದವರು ಮನೆಯ ಗ್ಯಾರೇಜಿನಲ್ಲಿ ಶನಿವಾರ ಬಿಚ್ಚುತ್ತಾರೆ, ನಾವು ಮನೆ ಹಿಂದಿನ ಶೆಡ್ಡಿನಲ್ಲಿ, ಮೇಸ್ತ್ರಿಯನ್ನು ಫೋನಿನಲ್ಲಿಟ್ಟುಕೊಂಡು ಬಿಚ್ಚುತ್ತೇವೆ. ತಪ್ಪು ನಂಬಿಕೆಗಳು ಮಾತ್ರ ಎರಡೂ ಕಡೆ ಒಂದೇ.

ನಂಬಿಕೆ 1: ಮುಂದೆ ಎಣ್ಣೆ ತೊಟ್ಟಿಕ್ಕಿದರೆ ಕವರೇ ಲೀಕ್.

ಸತ್ಯ: ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಎಲ್ಲೆಲ್ಲಿಗೋ ಹರಡುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದ್ದರೂ ಕೊನೆಗೆ ಹನಿ ಬೀಳುವುದು ಇಲ್ಲೇ. ಮೊದಲು ಎಂಜಿನ್ನಿನ ಮುಂಭಾಗ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಕವರಿನ ಅಂಚಿಗೆಲ್ಲ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ ಟಾರ್ಚ್ ಹಿಡಿದರೆ ಬಿಳಿ ಪೌಡರಿನ ಮೇಲೆ ಎಣ್ಣೆಯ ದಾರಿ ಕಪ್ಪಗೆ ಮೂಡಿರುತ್ತದೆ. ಬ್ರೀದರ್ ಕೊಳವೆಯನ್ನೂ ನೋಡಿ. ಅದು ಕಟ್ಟಿದ್ದರೆ ಎಂಜಿನ್ನಿನ ಅಡಿಯ ಎಣ್ಣೆ ಬೋಗುಣಿಯಾದ ಚೇಂಬರಿನೊಳಗೆ ಒತ್ತಡ ಏರಿ, ಇವತ್ತು ಹಾಕಿದ ಹೊಸ ಸೀಲನ್ನೂ ದಾಟಿ ಎಣ್ಣೆ ಹೊರಗೆ ಬರುತ್ತದೆ.

ನಂಬಿಕೆ 2: ಕವರ್ ತೆಗೆದರೆ ಟೈಮಿಂಗ್ ಹೋಗುತ್ತದೆ.

ಸತ್ಯ: ಗಿಯರುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂತಿವೆ. ಗಿಯರನ್ನೇ ಎಳೆದು ತೆಗೆಯದ ಹೊರತು ಟೈಮಿಂಗ್ ಕದಲುವುದಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮಿನ ಗುರುತುಗಳು ಕೂಡದಿದ್ದರೆ ಗಾಬರಿ ಬೇಡ. ಕ್ರ್ಯಾಂಕ್ ಎರಡು ಸುತ್ತು ಹೊಡೆದಾಗ ಕ್ಯಾಮ್ ಒಂದು ಸುತ್ತು ಹೊಡೆಯುತ್ತದೆ, ಆದ್ದರಿಂದ ಗುರುತುಗಳು ಎದುರಾಗುವುದು ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ.

ಈ ಎಂಜಿನ್ನಿನಲ್ಲಿ ಕವರ್ ತೆಗೆದಾಗ ನೋಡಲೇಬೇಕಾದ್ದು ಇನ್ನೊಂದಿದೆ. ಗಿಯರುಗಳ ಹಿಂದಿನ ಹೌಸಿಂಗ್ ಬ್ಲಾಕಿನ ಮೇಲೆ ನೆಟ್ಟಗೆ ಕೂರಲೆಂದು ಒಂದು ಉಕ್ಕಿನ ಡಾವೆಲ್ ಪಿನ್ ಇರುತ್ತದೆ. 12 ವಾಲ್ವಿನ ಹಳೆಯ ಎಂಜಿನ್‌ಗಳಲ್ಲಿ ವರ್ಷಗಟ್ಟಲೆ ಅದುರಿ ಅದುರಿ ಈ ಪಿನ್ನು ತನ್ನ ತೂತಿನಿಂದ ಮುಂದಕ್ಕೆ ಸರಿಯುವುದುಂಟು. ಬಿದ್ದರೆ ಗಿಯರಿನ ಹಲ್ಲಿಗೆ ಸಿಕ್ಕಿ ಹೌಸಿಂಗನ್ನೇ ಒಡೆದುಬಿಡಬಹುದು. ಅಮೆರಿಕದ ಡಾಜ್ ಮಾಲೀಕರು ಅದಕ್ಕೆ ಕೊಲೆಗಡುಕ ಪಿನ್ನು ಎಂದೇ ಹೆಸರಿಟ್ಟಿದ್ದಾರೆ. ಮದ್ದು ಸಣ್ಣದು: ಪಂಚಿನಿಂದ ಪಿನ್ನನ್ನು ಒಳಕ್ಕೆ ಬಡಿದು, ಪಕ್ಕದ ಬೋಲ್ಟಿನ ಅಡಿಗೆ ಒಂದು ಉಕ್ಕಿನ ಪಟ್ಟಿ ಸಿಕ್ಕಿಸಿ ತೂತಿನ ಬಾಯಿ ಮುಚ್ಚುವುದು.

ನಂಬಿಕೆ 3: ಎಮೆರಿ ಹಾಳೆ ಹಾಕಿ ಉಜ್ಜಿದರೆ ಕವರ್ ಕೂರುವ ಫೇಸ್ ಕನ್ನಡಿಯಾಗುತ್ತದೆ.

ಸತ್ಯ: ಕನ್ನಡಿಯಂತೆ ಹೊಳೆದರೂ ಫೇಸ್ ಸಮತಟ್ಟಾಗಿ ಉಳಿದಿರುವುದಿಲ್ಲ. ಎಮೆರಿ ಹಾಳೆಯಾಗಲಿ ಗ್ರೈಂಡರಿನ ಉಜ್ಜುಬಿಲ್ಲೆಯಾಗಲಿ ಅಲ್ಯುಮಿನಿಯಮ್ಮನ್ನು ಅಲ್ಲಲ್ಲಿ ತಿಂದು ಕಣ್ಣಿಗೆ ಕಾಣದ ತಗ್ಗು ಮಾಡುತ್ತದೆ. ಉದುರಿದ ಪುಡಿ ಎಣ್ಣೆಗೆ ಸೇರಿ ಬೇರಿಂಗಿಗೆ ಹೋಗುತ್ತದೆ. ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಕೆರೆಪಟ್ಟಿಯಿಂದ, ಮೊಂಡುತನ ಮಾಡಿದಲ್ಲಿ ಬ್ಲೇಡನ್ನು ಮಲಗಿಸಿ ಹಿಡಿದು ತೆಗೆಯಿರಿ. ಚೇಂಬರಿನ ಬಾಯಿಗೆ ಮೊದಲೇ ಬಟ್ಟೆ ತುರುಕಿರಿ. ಕೊನೆಗೆ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸುತ್ತ ಹೋಗಿ, ಬಟ್ಟೆ ಬಿಳಿಯಾಗಿಯೇ ವಾಪಸು ಬರುವವರೆಗೆ. ಬೆರಳಚ್ಚಿನ ಜಿಡ್ಡು ಇದ್ದರೂ ಸಂದು ಮುಚ್ಚಲು ಹಚ್ಚುವ ಸಿಲಿಕೋನ್ ಪೇಸ್ಟ್ ಕಚ್ಚುವುದಿಲ್ಲ.

ನಂಬಿಕೆ 4: ಸಿಲಿಕೋನ್ ಹೆಚ್ಚಾದಷ್ಟೂ ಗಟ್ಟಿ.

ಸತ್ಯ: ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೊದಲ ಸಲ ಕವರ್ ಹಾಕಿದಾಗ ಒಂದು ಟ್ಯೂಬನ್ನು ಪೂರ್ತಿ ಹಿಂಡಿದ್ದೆ. ಹೊರಗಂಚಿನಲ್ಲಿ ಉಕ್ಕಿದ್ದನ್ನು ಬೆರಳಿನಿಂದ ಒರೆಸಿ, ಕೆಲಸ ಚೊಕ್ಕಟವಾಯಿತೆಂದು ಬೀಗಿದ್ದೆ. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ ಎಂಬುದು ಹೊಳೆದಿರಲಿಲ್ಲ. ಮೂರು ತಿಂಗಳಿಗೆ ಆಯಿಲ್ ಪ್ರೆಶರ್ ಲೈಟು ಮಿನುಗತೊಡಗಿತು. ಚೇಂಬರ್ ಇಳಿಸಿದಾಗ ಎಣ್ಣೆ ಹೀರುವ ಜಾಲರಿಗೆ ಸಿಲಿಕೋನಿನ ಎಳೆಗಳು ಶಾವಿಗೆಯಂತೆ ಸುತ್ತಿಕೊಂಡಿದ್ದವು. ಮೇಸ್ತ್ರಿ ಅವನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡು, ‘ಇಷ್ಟೇ ಸಾಕಾಯ್ತಾ ಸ್ವಾಮಿ, ಇನ್ನೊಂದು ಟ್ಯೂಬ್ ತರಿಸಬೇಕಿತ್ತಾ?’ ಅಂದರು.

ಪೇಸ್ಟನ್ನೇ ನಂಬಿ ಕೂರುವ ಕವರಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಗೆರೆ ಸಾಕು. ಅದು ಎಲ್ಲೂ ಕಡಿಯದೆ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತಿ ಬರಬೇಕು. ಪ್ಯಾಕಿಂಗ್ ಇರುವ ಕವರಿಗೆ ಪ್ಯಾಕಿಂಗೇ ಯಜಮಾನ. ರಬ್ಬರ್ ಪ್ಯಾಕಿಂಗಿನ ಮೇಲೆ ಪೇಸ್ಟ್ ಬಳಿದರೆ ಬಿಗಿಯುವಾಗ ಅದು ಜಾರಿ ಹೊರಕ್ಕೆ ನುಸುಳುತ್ತದೆ. ಪೇಸ್ಟ್ ನಿಜಕ್ಕೂ ಬೇಕಾಗುವ ಜಾಗ ಕವರ್, ಬ್ಲಾಕ್, ಚೇಂಬರ್ ಮೂರೂ ಕೂಡುವ ಮೂಲೆ. ಅಲ್ಲಿ ಕಡಲೆ ಗಾತ್ರದ ಒಂದು ಚುಕ್ಕೆ ಇಡದಿದ್ದರೆ, ಮೊದಲು ಹನಿಯುವುದು ಅದೇ.

ನಂಬಿಕೆ 5: ಬೋಲ್ಟ್ ಬಿಗಿಯಾದಷ್ಟೂ ಲೀಕ್ ಕಮ್ಮಿ.

ಸತ್ಯ: ಈ ಕವರಿನ ಬೋಲ್ಟಿಗೆ ಹೇಳಿರುವುದು 24 ನ್ಯೂಟನ್ ಮೀಟರ್. ಅಂದರೆ ಒಂದಡಿ ಉದ್ದದ ಪಾನಾದ ತುದಿಗೆ ಎಂಟು ಕಿಲೋ ತೂಗುಹಾಕಿದಷ್ಟು ಬಲ. ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರ ಹಾಕಿದರೆ ಅದರ ಹಲವು ಪಟ್ಟು ಆಗುತ್ತದೆ. ಅಲ್ಯುಮಿನಿಯಮ್ಮಿನ ಥ್ರೆಡ್ಡು ಬೋಲ್ಟಿನ ಜೊತೆಗೇ ಕಿತ್ತು ಬರುತ್ತದೆ. ಬೇರೆ ಎಂಜಿನ್‌ಗಳ ತಗಡಿನ ಕವರಾದರೆ ಬೋಲ್ಟಿನ ಸುತ್ತ ತಗಡು ಒಳಕ್ಕೆ ತಗ್ಗಿ, ಎರಡು ಬೋಲ್ಟುಗಳ ನಡುವೆ ಉಬ್ಬಿ ಎಣ್ಣೆಗೆ ದಾರಿ ಬಿಡುತ್ತದೆ. ಅಂಥದ್ದನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿಯೇ ಹಾಕಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ.

ನಂಬಿಕೆ 6: ಯಾವ ಆಯಿಲ್ ಸೀಲಾದರೂ ಎಣ್ಣೆ ಹಚ್ಚಿಯೇ ಹಾಕಬೇಕು.

ಸತ್ಯ: ಸ್ಪ್ರಿಂಗ್ ಇರುವ ರಬ್ಬರ್ ಸೀಲಿಗೆ ಈ ಮಾತು ಸರಿ. ಸ್ಪ್ರಿಂಗಿನ ಬದಿ ಎಂಜಿನ್ನಿನ ಒಳಕ್ಕೆ ಮುಖ ಮಾಡಿರಬೇಕು, ತುಟಿಗೆ ಎಣ್ಣೆ ಸವರಿರಬೇಕು. ಆದರೆ ಈ ಕಮಿನ್ಸಿನ ಮುಂದಿನ ಸೀಲು ಟೆಫ್ಲಾನ್ ಜಾತಿಯದು. ಅದಕ್ಕೆ ಸೀಲಿನ ತುಟಿಯೂ ಕ್ರ್ಯಾಂಕಿನ ಮೂಗೂ ಒಣಗಿರಲೇಬೇಕು. ಮೊದಲ ಸುತ್ತುಗಳಲ್ಲಿ ಟೆಫ್ಲಾನಿನ ತೆಳು ಪದರ ಕ್ರ್ಯಾಂಕಿಗೆ ಅಂಟಿ, ಮುಂದೆ ಅದೇ ಸೀಲಿನ ಹಾಸಿಗೆಯಾಗುತ್ತದೆ. ಎಣ್ಣೆ ಇದ್ದರೆ ಆ ಪದರ ಅಂಟುವುದಿಲ್ಲ. ಜೊತೆಗೆ ಬರುವ ಪ್ಲಾಸ್ಟಿಕ್ ಬಳೆಯನ್ನು ಕಸವೆಂದು ಎಸೆಯಬೇಡಿ, ತುಟಿ ಮಡಚದಂತೆ ಕ್ರ್ಯಾಂಕಿನ ಮೇಲೆ ಏರಿಸುವುದು ಅದೇ. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ತಡೆದರೆ ಹಳೆಯ ಸೀಲು ಅಲ್ಲಿ ಗೀರು ಕೊರೆದಿದೆ. ತೆಳು ಉಕ್ಕಿನ ಸ್ಲೀವ್ ತೊಡಿಸದೆ ಎಷ್ಟು ಸೀಲು ಬದಲಿಸಿದರೂ ದಂಡ.

ನಂಬಿಕೆ 7: ಮಳೆಗಾಲದಲ್ಲಿ ಸಿಲಿಕೋನ್ ಒಣಗುವುದಿಲ್ಲ, ಎಂಜಿನ್ ಕಾಯಿಸಿ ಒಣಗಿಸಬೇಕು.

ಸತ್ಯ: ಸಿಲಿಕೋನ್ ಬಣ್ಣದಂತೆ ಒಣಗುವ ವಸ್ತುವಲ್ಲ. ಗಾಳಿಯ ತೇವವನ್ನು ಹೀರಿಕೊಂಡೇ ಅದು ರಬ್ಬರಾಗುತ್ತದೆ. ಹಾಗಾಗಿ ಕರಾವಳಿಯ ತೇವದ ಗಾಳಿ ಅದಕ್ಕೆ ಹಿತ, ಬಯಲುಸೀಮೆಯ ಒಣಹವೆಯಲ್ಲೇ ಅದು ನಿಧಾನ. ಹತ್ತಿಪ್ಪತ್ತು ನಿಮಿಷಕ್ಕೆ ಮೇಲೆ ಕೆನೆ ಕಟ್ಟುತ್ತದೆ, ಆದ್ದರಿಂದ ಗೆರೆ ಎಳೆದ ಕೂಡಲೇ ಕವರ್ ಕೂರಬೇಕು. ಒಳಗಿನವರೆಗೂ ಗಟ್ಟಿಯಾಗಲು ಒಂದು ಹಗಲು ರಾತ್ರಿ ಬೇಕು. ಅಷ್ಟರೊಳಗೆ ಸ್ಟಾರ್ಟ್ ಮಾಡಿದರೆ ಬಿಸಿ ಎಣ್ಣೆ ಹಸಿ ಗೆರೆಯನ್ನು ತಳ್ಳಿಕೊಂಡು ಹೋಗುತ್ತದೆ.

ಎರಡನೆಯ ಸಲ ಕವರ್ ಹಾಕಿದಾಗ ನನಗೆ ಕೆರೆದು ಒರೆಸಲು ಮೂರು ಗಂಟೆ ಹಿಡಿಯಿತು, ಕೂರಿಸಿ ಬಿಗಿಯಲು ಅರ್ಧ ಗಂಟೆ. ಟ್ಯೂಬಿನಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯಿತು. ಮರುದಿನ ಸಂಜೆ ಎಂಜಿನ್ ಓಡಿಸಿ, ರಾತ್ರಿ ಅಡಿಗೆ ಹಳೆಯ ಪೇಪರ್ ಹಾಸಿ ಮಲಗಿದೆ. ಬೆಳಗ್ಗೆ ಟೀ ಕುಡಿಯುತ್ತ ಆ ಪೇಪರನ್ನು ಎತ್ತಿಕೊಂಡು ಮೊದಲ ಪುಟದಿಂದ ಓದಿದೆ. ಯಾವ ಅಕ್ಷರವೂ ಅಳಿಸಿರಲಿಲ್ಲ.