ಬಿಳಿ ಹೊಗೆ ಹೇಳುವ ಮಾತು

ಮಾರ್ಗಶಿರದ ಮುಂಜಾವು. ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕೆಳಗೆ ಬೆಂಕಿ ಹತ್ತಿದೆ. ಕಬ್ಬು ತರಬೇಕಾದ ಟ್ರ್ಯಾಕ್ಟರ್ ಮಾತ್ರ ಇಬ್ಬನಿಯಲ್ಲಿ ನೆನೆದು ನಿಂತಿದೆ. ಸೆಲ್ಫ್ ಹೊಡೆದಷ್ಟೂ ತಿರುಗುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಶ್ರೀರಂಗಪಟ್ಟಣದ ನಾಲೆ ಬಯಲಲ್ಲಾಗಲಿ, ಕೆ.ಆರ್. ಪೇಟೆಯ ಕಬ್ಬಿನ ಗದ್ದೆಯಲ್ಲಾಗಲಿ, ನಾಗಮಂಗಲದ ರಾಗಿ ಕಣದಲ್ಲಾಗಲಿ, ಇಂಥ ಹೊತ್ತಿನಲ್ಲಿ ಮೊದಲು ಕೇಳುವ ಮಾತು ಒಂದೇ: ‘ಹೀಟರ್ ಪ್ಲಗ್ ಹೋಗಿರಬೇಕು.’ ಹೋಗಿರಬಹುದು. ಆದರೆ ದುಡ್ಡು ಕೊಟ್ಟು ಹೊಸದು ತರುವ ಮೊದಲು ಎಂಜಿನ್ನನ್ನೇ ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು.

ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದು ನಮಗೆಲ್ಲ ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟೂ ಇದೇ. ಇಂದಿನ ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 16ರಿಂದ 22ನೇ ಒಂದು ಪಾಲಿಗೆ ಒತ್ತುತ್ತದೆ. ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಅದರೊಳಗೆ ಸಿಂಪಡಿಸಿದ ಡೀಸೆಲ್ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ರಾತ್ರಿಯೆಲ್ಲ ತಣ್ಣಗಾದ ಕಬ್ಬಿಣ ಈ ಬಿಸಿಯನ್ನು ಹೀರಿಕೊಂಡರೆ ಡೀಸೆಲ್ ಉರಿಯದೆ ಆವಿಯಾಗಿ ಹೊರಬೀಳುತ್ತದೆ. ನಾವು ಕಾಣುವ ಬಿಳಿ ಹೊಗೆ ಅದೇ.

ಹಾಗಾದರೆ ಎಲ್ಲ ಟ್ರ್ಯಾಕ್ಟರ್‌ಗೂ ಹೀಟರ್ ಪ್ಲಗ್ ಇರಬೇಕಲ್ಲ? ಇಲ್ಲ. ಬಾನೆಟ್ ಮೇಲೆ ‘ಡಿಐ’ ಎಂದು ಬರೆದಿದ್ದರೆ, ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಬೀಳುತ್ತದೆ ಎಂದರ್ಥ. ಅಲ್ಲಿ ಬಿಸಿ ಪೋಲಾಗುವುದು ಕಡಿಮೆ. ನಮ್ಮ ಚಳಿಗೆ ಅಂಥ ಎಂಜಿನ್ನಿಗೆ ಸಾಮಾನ್ಯವಾಗಿ ಹೀಟರ್ ಬೇಕಿಲ್ಲ. ಮಹೀಂದ್ರದ ಹಳೆಯ ಬಿ-275 ಬೇರೆ ಬಗೆಯದು, ಇಂದಿನ ಹಲವು ಸಣ್ಣ ಜಪಾನಿ ವಿನ್ಯಾಸದ ಎಂಜಿನ್ನುಗಳೂ ಹಾಗೆಯೇ. ಅವುಗಳಲ್ಲಿ ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯೊಂದಕ್ಕೆ ಬೀಳುತ್ತದೆ. ಆ ಕೋಣೆಯ ಗೋಡೆಗಳು ಬಿಸಿಯನ್ನು ಬೇಗ ಕುಡಿಯುತ್ತವೆ. ಅದಕ್ಕೇ ಅಲ್ಲೊಂದು ಹೀಟರ್ ಪ್ಲಗ್. ಅದು ಕಿಡಿ ಹಾರಿಸುವುದಿಲ್ಲ. ತುದಿ ಕೆಂಪಗೆ ಕಾದು ಕೋಣೆಯನ್ನು ಬೆಚ್ಚಗಾಗಿಸುತ್ತದೆ, ಅಷ್ಟೆ.

ಈಗ ಪ್ರಶ್ನೆಗಳಿಗೆ ಬರೋಣ. ಮೊದಲನೆಯದು: ಮಧ್ಯಾಹ್ನದ ಬಿಸಿಲಲ್ಲೂ ಇದೇ ಹಠವೇ? ಹೌದಾದರೆ ತಪ್ಪನ್ನು ಬೇರೆಡೆ ಹುಡುಕಿ. ಎರಡನೆಯದು: ಸೆಲ್ಫ್ ಹೊಡೆದಾಗ ಹೊಗೆ ಬರುತ್ತದೆಯೇ? ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಲೈನಿನಲ್ಲಿ ಏರ್ ಹಿಡಿದಿರಬಹುದು. ಮೂರನೆಯದು: ಎಂಜಿನ್ ಚುರುಕಾಗಿ ತಿರುಗುತ್ತದೆಯೇ? ಬ್ಯಾಟರಿ ಸೋತು ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಸಂದಿನಲ್ಲಿ ಸೋರಿಹೋಗುತ್ತದೆ. ಆಗ ಹೊಸ ಪ್ಲಗ್ ಹಾಕಿದರೂ ಪ್ರಯೋಜನವಿಲ್ಲ.

ಈ ಮೂರೂ ದಾಟಿದ ಮೇಲೆ ನಾಲ್ಕನೆಯದು: ಪ್ಲಗ್‌ಗೆ ಕರೆಂಟ್ ಬರುತ್ತಿದೆಯೇ? ಕೀಲಿಯನ್ನು ಹೀಟ್ ಜಾಗಕ್ಕೆ ತಿರುಗಿಸಿ, ಪ್ಲಗ್‌ಗಳ ತಲೆಯ ಮೇಲಿನ ಪಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಹತ್ತದಿದ್ದರೆ ಫ್ಯೂಸ್, ರಿಲೇ, ತುಕ್ಕು ಹಿಡಿದ ವೈರ್ ನೋಡಿ. ಹತ್ತಿದರೆ ಪಟ್ಟಿ ಬಿಚ್ಚಿ, ಮೀಟರ್‌ನಲ್ಲಿ ಒಂದೊಂದೇ ಪ್ಲಗ್ ಅಳೆಯಿರಿ. ಒಳ್ಳೆಯ ಪ್ಲಗ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸುತ್ತವೆ, ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸು. ಒಳಗಿನ ತಂತಿ ತುಂಡಾದ ಪ್ಲಗ್‌ನಲ್ಲಿ ಮೀಟರ್ ಅಲುಗುವುದೇ ಇಲ್ಲ. ಹಳೆಯ ಸುರುಳಿ ತಂತಿಯ ಪ್ಲಗ್‌ಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದು ಹೋದರೆ ಎಲ್ಲವೂ ಆರುತ್ತವೆ. ಅವನ್ನು ಬಿಡಿಬಿಡಿಯಾಗಿ ನೇರ 12 ವೋಲ್ಟ್‌ಗೆ ಹಿಡಿದರೆ ಸುಟ್ಟೇ ಹೋಗುತ್ತವೆ.

ಪ್ಲಗ್ ಬಿಚ್ಚುವಾಗ ಅವಸರ ಬೇಡ. ಎಂಜಿನ್ ಬೆಚ್ಚಗಿರುವಾಗ ಬುಡಕ್ಕೆ ಎಣ್ಣೆ ಬಿಟ್ಟು, ಪಾನಾವನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ತೆಗೆಯಿರಿ. ಮುರಿದು ಒಳಗುಳಿದರೆ ಹೆಡ್ಡನ್ನೇ ಇಳಿಸಬೇಕಾದೀತು. ಸ್ಟಾರ್ಟ್ ಆಗಲೆಂದು ಪೆಟ್ರೋಲ್ ಬಟ್ಟೆಯನ್ನೋ ಸ್ಪ್ರೇಯನ್ನೋ ಗಾಳಿ ಕೊಳವೆಗೆ ಹಿಡಿಯುವವರಿದ್ದಾರೆ. ಕೆಂಪಗೆ ಕಾದ ಪ್ಲಗ್ ಒಳಗಿರುವಾಗ ದಯವಿಟ್ಟು ಹಾಗೆ ಮಾಡಬೇಡಿ. ಆವಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ ಒಡೆಯಬಹುದು, ಹತ್ತಿರ ನಿಂತವರ ಮುಖವೂ ಸುಡಬಹುದು.

ಕೊನೆಗೆ, ತೆಗೆದ ಹಳೆಯ ಪ್ಲಗ್ ಎಸೆಯುವ ಮೊದಲು ಅದರ ತುದಿ ನೋಡಿ. ತುದಿ ಕರಗಿ ಸವೆದಿದ್ದರೆ ಅನುಮಾನ ನಾಜಲ್ ಮೇಲೆ ಹೋಗಬೇಕು. ಸಣ್ಣಗೆ ಸಿಂಪಡಿಸಬೇಕಾದ ನಾಜಲ್ ಡೀಸೆಲನ್ನು ತೊಟ್ಟಿಕ್ಕಿಸಿದಾಗ ಬೆಂಕಿ ಪ್ಲಗ್‌ನ ಬಳಿಯೇ ಉರಿದು ಅದನ್ನು ತಿನ್ನುತ್ತದೆ. ನಾಜಲನ್ನು ಪಂಪ್ ಅಂಗಡಿಯಲ್ಲಿ ಪರೀಕ್ಷಿಸದೆ ಹೊಸ ಪ್ಲಗ್ ಹಾಕಿದರೆ, ಅದೂ ಅದೇ ಬೆಂಕಿಗೆ ಬೀಳುತ್ತದೆ.