ಕುಂಚ ಹಿಡಿದ ಎಡಪಾದ

ಕ್ರಿಸ್ಟಿ ಬ್ರೌನ್ 1932ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಗಾರೆ ಕೆಲಸಗಾರನೊಬ್ಬನ ಮಗನಾಗಿ ಜನಿಸಿದರು. ಹುಟ್ಟಿನಿಂದಲೇ ಅವರಿಗೆ ಸೆರೆಬ್ರಲ್ ಪಾಲ್ಸಿ ಇದ್ದಿತು. ಕೈಗಳು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಮಾತು ಅಸ್ಪಷ್ಟವಾಗಿತ್ತು. ಈ ಮಗುವಿನ ಬುದ್ಧಿ ಬೆಳೆಯದೆಂದು ವೈದ್ಯರು ನುಡಿದರೂ ತಾಯಿ ಒಪ್ಪಲಿಲ್ಲ. ಐದನೆಯ ವಯಸ್ಸಿನಲ್ಲಿ ಬಾಲಕನು ಸೋದರಿಯ ಕೈಯಲ್ಲಿದ್ದ ಸೀಮೆಸುಣ್ಣವನ್ನು ಎಡಪಾದದ ಬೆರಳುಗಳಿಂದ ಸೆಳೆದುಕೊಂಡನು. ತಾಯಿ ನೆಲದ ಮೇಲೆ ಬರೆದು ತೋರಿಸಿದ ಅಕ್ಷರವನ್ನು ಆ ಪಾದವೇ ಬರೆಯಿತು. ಮುಂದೆ ಓರಗೆಯವರೊಡನೆ ಬೀದಿಗಿಳಿಯಲಾರದ ಒಂಟಿತನದಲ್ಲಿ ಅದೇ ಪಾದ ಕುಂಚ ಹಿಡಿಯಿತು. 1954ರಲ್ಲಿ ಪ್ರಕಟವಾದ ಆತ್ಮಕಥೆ 'ಮೈ ಲೆಫ್ಟ್ ಫುಟ್' ಈ ಬಾಲ್ಯವನ್ನು ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ.

ಸೆರೆಬ್ರಲ್ ಪಾಲ್ಸಿ ಎಂದರೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎಳವೆಯಲ್ಲಿ ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿಯಿಂದ ಚಲನೆಯ ನಿಯಂತ್ರಣ ತಪ್ಪುವುದು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಕೆಲವು ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗುವುದುಂಟು. ಆದರೆ ಅನೇಕರಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ನಾಲಿಗೆಯ ಸ್ನಾಯುಗಳು ಸ್ವಾಧೀನದಲ್ಲಿಲ್ಲದ್ದರಿಂದ ಮಾತು ಹೊರಡುವುದಿಲ್ಲ. ಮಾತಿಲ್ಲದ ಮಗುವನ್ನು ಮಂದಮತಿಯೆಂದು ಎಣಿಸುವುದು ಇಲ್ಲಿ ನಡೆಯುವ ದೊಡ್ಡ ಅನ್ಯಾಯ.

ಬ್ರೌನ್ ಅವರ ಕಥೆಯಲ್ಲಿ ವೈದ್ಯರು ಮನನ ಮಾಡಬೇಕಾದ ಪ್ರಸಂಗವೊಂದಿದೆ. ಎಡಪಾದದ ಬಳಕೆಯಿಂದ ಉಳಿದ ದೇಹ ಮತ್ತಷ್ಟು ಬಿಗಿಯುತ್ತದೆ. ಚಿಕಿತ್ಸೆ ಫಲಿಸಬೇಕಾದರೆ ಅದನ್ನು ಬಿಡಬೇಕೆಂದು ತಜ್ಞೆಯೊಬ್ಬರು ಸೂಚಿಸಿದರು. ದೇಹದ ದೃಷ್ಟಿಯಿಂದ ಸಲಹೆ ಸರಿಯಾಗಿಯೇ ಇತ್ತು. ಆದರೆ ಆ ಪಾದವೇ ಅವರ ಕೈ, ಅವರ ನಾಲಿಗೆ. ಅವರು ಕೆಲಕಾಲ ಬಿಟ್ಟರು, ಸೋದರರಿಗೆ ಹೇಳಿ ಬರೆಸಿದರು. ಕೊನೆಗೆ ಮತ್ತೆ ಪಾದಕ್ಕೇ ಮರಳಿದರು. ಅಂಗವನ್ನು ಸರಿಪಡಿಸುವ ಭರದಲ್ಲಿ ಮಗುವಿನ ಅಭಿವ್ಯಕ್ತಿಯ ದಾರಿಯನ್ನು ಮುಚ್ಚಬಾರದು. ಎರಡೂ ಜೊತೆಯಾಗಿ ಸಾಗಬೇಕು.

ಆಯುರ್ವೇದವು ಚಲನೆಯ ವಿಕಾರಗಳನ್ನು ವಾತದ ನೆಲೆಯಿಂದ ನೋಡುತ್ತದೆ. ವೈದ್ಯರ ನಿಗಾದಲ್ಲಿ ಮಾಡುವ ಅಭ್ಯಂಗ, ಸ್ವೇದನಗಳು ಬಿಗಿತದ ಉಪಶಮನಕ್ಕೆ ನೆರವಾಗಬಹುದು. ಮಿದುಳಿನ ಹಾನಿಯನ್ನು ಅವು ಅಳಿಸಲಾರವು. ಆದ್ದರಿಂದ ಫಿಸಿಯೋಥೆರಪಿಯನ್ನಾಗಲಿ ಅಪಸ್ಮಾರದ ಗುಳಿಗೆಗಳನ್ನಾಗಲಿ ನಿಲ್ಲಿಸಕೂಡದು.

ಮನೆಯಲ್ಲಿ ಬಣ್ಣ ಕೊಡುವವರು ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕು. ದೊಡ್ಡ ಹಾಳೆಯನ್ನು ಜರುಗದಂತೆ ಅಂಟಿಸಬೇಕು. ಬೆನ್ನಿಗೂ ಪಾದಗಳಿಗೂ ಆಸರೆ ಕೊಟ್ಟು ಕೂರಿಸಬೇಕು. ಕೈಯೋ, ಪಾದವೋ, ಬಾಯಿಯೋ ಎಂಬುದನ್ನು ಮಗುವೇ ಆರಿಸಿಕೊಳ್ಳಲಿ. ಅದರ ಕೈ ಹಿಡಿದು ನಾವು ಚಿತ್ರ ಬರೆದರೆ ಅದು ನಮ್ಮ ಚಿತ್ರವಾಗುತ್ತದೆ. ಬಣ್ಣ ಆರಿಸಲು ಅದಕ್ಕೆ ಸಾಕಷ್ಟು ಹೊತ್ತು ಕೊಡಬೇಕು.

ಶಿಶುವಿಗೆ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ತಾನಾಗಿಯೇ ಸರಿಹೋಗುತ್ತದೆಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿರುವ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಇಂಥ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದು ಅದರ ಹಕ್ಕೇ ಹೊರತು ಯಾರ ಅನುಗ್ರಹವೂ ಅಲ್ಲವೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು.